ಬೇಣದಜ್ಜಿ ಎತ್ತಿಕೊಳ್ಳದ ಸಾಲು

ಕದ್ದರು ಎನ್ನುವುದಾದರೆ ಏನನ್ನು ಕದ್ದರು ಎಂದು ಮೊದಲು ಹೇಳಬೇಕು. ಕುಮಟೆಯಿಂದ ಸಂತೆಗುಳಿಗೆ ಹೋಗುವ ರಸ್ತೆಯ ಆಚೀಚೆಯ ನಮ್ಮ ಊರುಗಳಲ್ಲಿ ಈಗ ಓಡಾಡುತ್ತಿರುವ ಕಥೆ ಇಷ್ಟು: ಸ್ಕಾಟ್ಲೆಂಡಿನಿಂದ ಒಬ್ಬ ಸಿನಿಮಾ ಸಂಗೀತಗಾರ ಬಂದ, ನಮ್ಮ ಅಜ್ಜಿಯ ಹಾಡನ್ನು ಯಂತ್ರದಲ್ಲಿ ತುಂಬಿಸಿಕೊಂಡ, ತನ್ನ ಸಿನಿಮಾಕ್ಕೆ ಹಾಕಿಕೊಂಡು ಹೆಸರು ಮಾಡಿದ. ಹೇಳುವವರ ಮನಸ್ಸಿದ್ದ ಹಾಗೆ ಇದೇ ಕಥೆ ಒಮ್ಮೆ ಕಳ್ಳತನವಾಗುತ್ತದೆ, ಒಮ್ಮೆ ಉಪಕಾರವಾಗುತ್ತದೆ. ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಒಬ್ಬರೇ ಮನುಷ್ಯ ಬೆಳಿಗ್ಗೆ ಒಂದನ್ನೂ ಸಂಜೆ ಇನ್ನೊಂದನ್ನೂ ಹೇಳಿದ್ದನ್ನು ನಾನು ಕೇಳಿದ್ದೇನೆ.

ಕಾಲೇಜಿನ ದಿನಗಳಿಂದ ನಾನು ಚರ್ಚಾಸ್ಪರ್ಧೆಯವಳು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಆ ಅಭ್ಯಾಸದಿಂದಲೇ ಹೇಳುತ್ತೇನೆ, ಕಳ್ಳತನದ ಆರೋಪ ನಿಲ್ಲುವುದಿಲ್ಲ. ಅವರು ಕೇಳಿಯೇ ತೆಗೆದುಕೊಂಡರು. ಹಾಡಿದ ಇಬ್ಬರು ಹೆಂಗಸರಿಗೂ ಸಮನಾಗಿ ಹಣ ಕೊಟ್ಟರು. ಸಿನಿಮಾದ ಕೊನೆಯಲ್ಲಿ ಅಕ್ಷರಗಳು ಮೇಲೇರುವಾಗ ಇಬ್ಬರ ಹೆಸರೂ ಬರುತ್ತದೆ. ಹಾಗಾದರೆ ಉಪಕಾರವೇ ಸರಿ ಅನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. ಯಾಕೆಂದರೆ ಆ ಇಬ್ಬರಲ್ಲಿ ಒಬ್ಬಳು ಈ ವರ್ಷ ಹಾಡುವುದನ್ನೇ ಬಿಟ್ಟಳು, ಅವಳ ಹಿಂದೆ ಇನ್ನೊಬ್ಬಳೂ. ಮೊದಲು ಬಿಟ್ಟವಳು ನನ್ನ ಅಜ್ಜಿಯಲ್ಲ. ಎರಡು ಕಥೆಗಳಲ್ಲಿ ಯಾವುದರಲ್ಲೂ ಅವಳ ಸುದ್ದಿಯಿಲ್ಲ.

ಆ ಸಂಗೀತಗಾರರ ಪಕ್ಕದಲ್ಲಿ ಕೂತು ಅವರ ಇಂಗ್ಲಿಷನ್ನು ಕನ್ನಡ ಮಾಡಿದವಳು ನಾನು. ಆದ್ದರಿಂದ ಈ ಮೊಕದ್ದಮೆಯಲ್ಲಿ ನಾನು ವಕೀಲಳಾಗಿ ನಿಲ್ಲುವಂತಿಲ್ಲ.

ಅವರನ್ನು ಕರೆತಂದವನು ಭಟ್ಕಳದ ನನ್ನ ಗೆಳೆಯ. ಹೊನ್ನಾವರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಚರ್ಚಾತಂಡ. ನಾನು ಕಾನೂನು ಓದಲು ಹೋದೆ, ಅವನು ಧ್ವನಿಮುದ್ರಣ ಹಿಡಿದ. ಮದುವೆ, ಸಭೆ, ಯಕ್ಷಗಾನ, ಯಾವುದು ಸಿಕ್ಕರೂ ಮಾಡುತ್ತಾನೆ. ಒಂದು ದಿನ ಫೋನು ಮಾಡಿದ.

"ಸ್ಕಾಟ್ಲೆಂಡಿನ ಒಬ್ರು ಮುದುಕರು ಬರ್ತಾ ಇದ್ದಾರೆ. ಸಿನಿಮಾಕ್ಕೆ ಮ್ಯೂಸಿಕ್ ಮಾಡೋರು. ಅಘನಾಶಿನಿ ಅಳಿವೆಯ ಸದ್ದು ಬೇಕಂತೆ. ನೀನೂ ಬಾ."

"ಸದ್ದು ಕೇಳಲಿಕ್ಕೆ ಅನುವಾದ ಎಂತಕ್ಕೆ?"

"ಅರೆ, ಸದ್ದು ಮಾಡೋರಿಗೆಲ್ಲ ಸ್ವಲ್ಪ ಸುಮ್ನಿರಿ ಅಂತ ಹೇಳಲಿಕ್ಕೆ ಒಬ್ರು ಬೇಕಲ್ಲ ಯಾರ್! ನಾನು ಹೇಳಿದ್ರೆ ಜಗಳ ಆಗ್ತದೆ. ನೀನು ಹೇಳಿದ್ರೂ ಆಗ್ತದೆ, ಆದ್ರೆ ನೀನು ಗೆಲ್ತಿ."

ಎಪ್ಪತ್ತು ದಾಟಿದ, ಉದ್ದನೆಯ, ಬೆನ್ನು ಬಾಗಿದ ಮನುಷ್ಯ. ಎಡಗಿವಿಯಲ್ಲಿ ಚಿಕ್ಕ ಯಂತ್ರ. ತೆಳುವಾದ ಸದ್ದುಗಳು ತನಗೆ ಕೇಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. "ಆ ಹಕ್ಕಿ ಇನ್ನೂ ಕೂಗುತ್ತಿದೆಯೇ?" ಎಂದು ನನ್ನನ್ನೇ ಕೇಳುತ್ತಿದ್ದರು. ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಹೆಂಗಸರು ಬೆಳಚು ಹೆಕ್ಕಲು ಇಳಿಯುತ್ತಾರೆ. ಕೆಸರಿನೊಳಗಿನ ಚಿಪ್ಪನ್ನು ಕಾಲಲ್ಲಿ ತಡಕಿ, ಬಗ್ಗಿ, ಬುಟ್ಟಿಗೆ ಹಾಕುವ ಕೆಲಸ. ಇವರು ಪ್ಯಾಂಟು ಮಡಚಿಕೊಂಡು ಆ ಕೆಸರಿನಲ್ಲೇ ನಿಂತು, ಬುಟ್ಟಿಯಿಂದ ಬೆಳಚು ಸುರಿಯುವ ಸದ್ದನ್ನು ಮತ್ತೆ ಮತ್ತೆ ಮಾಡಿಸಿದರು.

"ಇವ್ರಿಗೆ ಬೆಳಚು ಬೇಕಾ, ಅದ್ರ ಸದ್ದು ಬೇಕಾ?" ಎಂದು ಒಬ್ಬಾಕೆ ಕೇಳಿದಳು.

"ಸದ್ದು."

"ಸದ್ದು ಪುಕ್ಕಟೆ. ಬೆಳಚಿಗೆ ರೇಟು ಹೇಳು ಮತ್ತೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಕೆಸರಿನಲ್ಲಿ ಜಾರುವಷ್ಟು ನಕ್ಕರು. ನಕ್ಕ ಮೇಲೆ ಒಂದು ಬುಟ್ಟಿ ಬೆಳಚನ್ನೂ ಕೊಂಡರು.

ಸಿನಿಮಾ ಈ ಊರಿನದ್ದಲ್ಲ. ಯಾವುದೋ ಉಪ್ಪುನೀರಿನ ದಡದಲ್ಲಿ ಒಬ್ಬಳೇ ಉಳಿದುಬಿಡುವ ಹೆಂಗಸಿನ ಕಥೆ. ಚಿತ್ರೀಕರಣ ಮುಗಿದು, ಕತ್ತರಿಸಿ ಜೋಡಿಸಿಯೂ ಆಗಿತ್ತು. "ನಮ್ಮನ್ನು ಕರೆಯುವುದೇ ಕೊನೆಗೆ. ಮನೆ ಕಟ್ಟಿ ಮುಗಿದಿರುತ್ತದೆ, ನೆಂಟರು ಬಾಗಿಲಿಗೆ ಬಂದಿರುತ್ತಾರೆ, ಆಗ ಬಣ್ಣ ಹೊಡಿ ಅನ್ನುತ್ತಾರೆ" ಎಂದಿದ್ದರು. ದುಃಖ ಬೇಕು, ಆದರೆ ತುಂಬ ದುಃಖ ಬೇಡ ಎನ್ನುವ ನಿರ್ದೇಶಕರ ಬಗ್ಗೆ ಅವರ ಬಳಿ ರಾಶಿ ಕಥೆಗಳಿದ್ದವು.

ಅವರು ಉಳಿದುಕೊಂಡದ್ದು ಹೊನ್ನಾವರದಲ್ಲಿ. ಗೆಳೆಯ ಭಟ್ಕಳದಿಂದ ಕಾರು ತಂದು ಅವರನ್ನು ಹತ್ತಿಸಿಕೊಂಡು ಬರುತ್ತಿದ್ದ, ನಾನು ಕುಮಟೆಯಲ್ಲಿ ಸೇರಿಕೊಳ್ಳುತ್ತಿದ್ದೆ. ಹೆದ್ದಾರಿ ಕೆಲಸದ ದೆಸೆಯಿಂದ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅವರ ಬದುಕಿನ ವಿಷಯ ನನಗೆ ಗೊತ್ತಾದದ್ದು ಹಾಗೆ, ಲಾರಿಗಳ ಹಿಂದೆ ನಿಂತು, ತುಂಡು ತುಂಡಾಗಿ.

ಹುಟ್ಟಿದ್ದು ಸ್ಕಾಟ್ಲೆಂಡಿನ ಪಡುವಣ ದ್ವೀಪವೊಂದರಲ್ಲಿ. ತಂದೆ ಮನೆಯ ಮಗ್ಗದಲ್ಲಿ ಉಣ್ಣೆ ಬಟ್ಟೆ ನೇಯುವವರು. ಭಾನುವಾರ ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡಿನ ಸಾಲು ಕೊಡುವವರೂ ಅವರೇ. ಆ ಇಗರ್ಜಿಯಲ್ಲಿ ವಾದ್ಯ ನಿಷಿದ್ಧ. ಒಬ್ಬರು ಸಾಲು ಕೊಡುತ್ತಾರೆ, ಕುಳಿತವರೆಲ್ಲ ಅದನ್ನು ಹಿಡಿದು ತಮ್ಮ ತಮ್ಮ ಗತಿಯಲ್ಲಿ, ಒಬ್ಬರ ದನಿಯ ಮೇಲೆ ಇನ್ನೊಬ್ಬರ ದನಿ ಹರಿಸುತ್ತ ಹಾಡುತ್ತಾರೆ. ಆ ಸಾಲು ಪೂರ್ತಿ ಮುಗಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಶಾಲೆಯ ಮೇಷ್ಟ್ರ ಮನೆಯಲ್ಲಿ ಪಿಯಾನೊ ಇತ್ತು. ಮಗ ಅಲ್ಲಿ ಕಲಿಯುತ್ತಿದ್ದದ್ದು ತಂದೆಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು. ಆಮೇಲೆ ಗ್ಲಾಸ್ಗೊದಲ್ಲಿ ಸಂಗೀತದ ಓದು, ಹೊಟ್ಟೆಪಾಡಿಗೆ ಹೋಟೆಲುಗಳಲ್ಲಿ ಪಿಯಾನೊ. ಆಮೇಲೆ ಲಂಡನ್. ಬಿಸ್ಕತ್ತು, ಸಾಬೂನು, ಬೆಕ್ಕಿನ ತಿಂಡಿಯ ಜಾಹೀರಾತುಗಳು. ಟೀವಿಯಲ್ಲಿ ವರ್ಷಗಟ್ಟಲೆ ಓಡಿದ ಪತ್ತೇದಾರಿ ಧಾರಾವಾಹಿಗೆ ಪ್ರತಿ ವಾರ ಒಂದು ಕೊಲೆಯ ಸಂಗೀತ. "ಕೊಲೆಗಾರ ಯಾರೆಂದು ಮೊದಲೇ ಗೊತ್ತಾಗದ ಹಾಗೆ ಬಾರಿಸಬೇಕು" ಎಂದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿ ತೋರಿಸಿದ್ದರು.

ಅವರಿಗೆ ಹೆಸರು ಬಂದದ್ದು ತಿರುಗಿ ಬಾರದ ದೋಣಿಗಳ ಬಗೆಗಿನ ಒಂದು ಬಡ ಸಿನಿಮಾದಿಂದ. ನಿರ್ದೇಶಕನಿಗೆ ಹಳೆಯದೇನೋ ಬೇಕು, ಆದರೆ ಯಾರೂ ಕೇಳಿರಬಾರದು. ಇವರು ಲಂಡನ್ನಿನ ಸ್ಟುಡಿಯೊಕ್ಕೆ ಕೂಲಿ ಹಾಡುಗಾರರನ್ನು ಕರೆಸಿ, ತಂದೆಯ ಇಗರ್ಜಿಯಲ್ಲಿ ಹಾಡುವ ಹಾಗೆ ಹಾಡಿಸಿದರು. ಪತ್ರಿಕೆಗಳು ಹೊಸ ನಾದ ಹುಟ್ಟಿತು ಎಂದು ಬರೆದವು. ಅಲ್ಲಿಂದ ಮುಂದೆ ದೊಡ್ಡ ದೊಡ್ಡ ಸಿನಿಮಾಗಳು. ಅದರಲ್ಲೊಂದನ್ನು ನಾನೂ ನೋಡಿದ್ದೆ. ಸಂಗೀತ ಒಂದಿಷ್ಟೂ ನೆನಪಿಲ್ಲ ಎಂದು ಹೇಳಿಬಿಟ್ಟೆ.

"ಹಾಗಾದರೆ ನನ್ನ ಕೆಲಸ ಸರಿಯಾಗಿತ್ತು" ಅಂದರು.

"ನಿಮ್ಮ ತಂದೆಗೆ ಬೇಸರವಾಯಿತೇ? ಆ ದೋಣಿಯ ಸಿನಿಮಾದಿಂದ?"

"ತಂದೆ ಸಿನಿಮಾ ನೋಡುವವರಲ್ಲ. ಆದರೆ ಅದು ರೇಡಿಯೊದಲ್ಲಿ ಬಂತು. ಅಕ್ಕ ಅಲ್ಲೇ ಅಡುಗೆಮನೆಯಲ್ಲಿದ್ದಳು. ತಂದೆ ಪೂರ್ತಿ ಕೇಳಿದರಂತೆ. ಎದ್ದು ಮಗ್ಗದ ಕೋಣೆಗೆ ಹೋದರಂತೆ."

"ಅಷ್ಟೆಯೇ?"

"ಅಷ್ಟೇ. ಸಾಯುವ ತನಕ ಆ ಬಗ್ಗೆ ಒಂದು ಮಾತಾಡಲಿಲ್ಲ."

"ಅದು ಅವರು ನೇಯಲು ಹೋಗುವ ಹೊತ್ತೇ ಆಗಿದ್ದಿರಬಹುದು."

ಮುಂದಿನ ಸೀಟಿನಿಂದ ತಿರುಗಿ ನನ್ನನ್ನು ನೋಡಿದರು. "ಇರಬಹುದು. ಖಾತ್ರಿಯಾಗಿದ್ದರೆ ಒಳ್ಳೆಯದಿತ್ತು."

"ಅಂದರೆ ಅವರಿಗೆ ನೋವಾಯಿತು ಎನ್ನುವುದಕ್ಕೆ ಸಾಕ್ಷ್ಯವಿಲ್ಲ."

"ಇಲ್ಲ. ಬೇಕಾದಷ್ಟು ಹುಡುಕಿದ್ದೇನೆ."

ಗೆಳೆಯ ಸ್ಟೇರಿಂಗ್ ಹಿಡಿದುಕೊಂಡೇ ಕನ್ನಡದಲ್ಲಿ ಗದರಿದ. "ಮುದುಕರನ್ನ ಕಟಕಟೆಗೆ ಹತ್ತಿಸಬೇಡ ಮಾರಾಯ್ತಿ. ಅವರ ಊಟ ಆಗಿಲ್ಲ ಇನ್ನೂ."

ನಿಜ ಹೇಳಬೇಕೆಂದರೆ ನನಗೆ ಆ ಕಥೆಯ ಮೇಲೆ ಅನುಮಾನವಿತ್ತು. ತಪ್ಪು ಮಾಡಿದೆ ಎನ್ನುತ್ತಲೇ ತನ್ನನ್ನು ಚಂದ ಕಾಣಿಸಿಕೊಳ್ಳುವವರನ್ನು ವೇದಿಕೆಗಳ ಮೇಲೆ ಬೇಕಷ್ಟು ನೋಡಿದ್ದೆ. ಆ ಅನುಮಾನವನ್ನು ನಾನು ಅವರ ಮೇಲೆ ಇಟ್ಟುಕೊಂಡೆ, ನನ್ನ ಮೇಲೆ ಇಟ್ಟುಕೊಳ್ಳಲಿಲ್ಲ.

ಇಗರ್ಜಿಯ ಹಾಡಿನ ಮಾತು ಬಂದದ್ದರಿಂದ ನಮ್ಮ ಮನೆಯ ಹಾಡಿನ ವಿಷಯ ನಾನೇ ತೆಗೆದೆ. ಹೀಗೇ ಒಬ್ಬರ ಮೇಲೊಬ್ಬರು ಹರಿಸಿ ಹಾಡುವವರು ನಮ್ಮಲ್ಲೂ ಇದ್ದಾರೆ, ಬನ್ನಿ ಎಂದು ಕರೆದವಳು ನಾನು. ಅವರಾಗಿ ಕೇಳಿಕೊಂಡಿರಲಿಲ್ಲ.

ಅಜ್ಜಿಯ ಜೋಡಿ ಬೇಣದಜ್ಜಿ. ಊರಿನ ಹಿಂದಿನ ಹುಲ್ಲುಗುಡ್ಡದ, ಅಂದರೆ ಬೇಣದ ಮೇಲೆ ಅವಳ ಮನೆ, ಅದಕ್ಕೆ ಆ ಹೆಸರು. ನೆಂಟಸ್ತಿಕೆಯೇನೂ ಇಲ್ಲ. ಇಬ್ಬರೂ ಒಂದೇ ಬೇಸಿಗೆಯಲ್ಲಿ ಈ ಊರಿಗೆ ಮದುವೆಯಾಗಿ ಬಂದವರು, ಒಂದೇ ಗದ್ದೆಯ ನಾಟಿಯಲ್ಲಿ ಪಕ್ಕಪಕ್ಕ ನಿಂತವರು. ನಾಟಿಗೆ, ಮದುವೆಯ ಅರಿಶಿನಕ್ಕೆ, ಹೆಣ್ಣು ಕಳಿಸುವುದಕ್ಕೆ ಅವರಿಬ್ಬರೂ ಹಾಡಬೇಕು. ಅಜ್ಜಿ ಸಾಲು ಕೊಡುತ್ತಾಳೆ, ಬೇಣದಜ್ಜಿ ಎತ್ತಿಕೊಳ್ಳುತ್ತಾಳೆ. ಅಜ್ಜಿಯ ಕೊನೆಯ ಅಕ್ಷರ ಗಾಳಿಯಲ್ಲಿರುವಾಗಲೇ ಬೇಣದಜ್ಜಿಯ ದನಿ ಅದರಡಿ ಬಂದಿರುತ್ತದೆ. ಬೇಣದಜ್ಜಿ ಮುಗಿಸುವ ಮೊದಲೇ ಅಜ್ಜಿ ಮತ್ತೆ ಬಂದಾಯಿತು. ಒಬ್ಬಳು ಹಾಡುವಾಗ ಇನ್ನೊಬ್ಬಳು ಉಸಿರು ತೆಗೆದುಕೊಳ್ಳುತ್ತಾಳೆ. ಹಾಗಾಗಿ ಹಾಡಿನಲ್ಲಿ ಎಲ್ಲೂ ಉಸಿರು ಕೇಳುವುದಿಲ್ಲ.

ನಮ್ಮ ಜಗಲಿಯಲ್ಲಿ ಮುದ್ರಣ. ಫ್ರಿಜ್ಜು ಬಂದ್, ಫ್ಯಾನು ಬಂದ್, ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದ್ದಾಯಿತು.

"ಹಾಡೂಕೆ ಕರೆದು ಉಸಿರು ಕಟ್ಟಿಸ್ತಾರಲ್ಲೇ" ಎಂದಳು ಅಜ್ಜಿ.

ಬೇಣದಜ್ಜಿಯ ಕಣ್ಣು ಅವರ ಕಿವಿಯ ಯಂತ್ರದ ಮೇಲಿತ್ತು. "ಕಿವಿ ಕೇಳದಂವಂಗೆ ಹಾಡು ಬೇಕಾತಾ? ನಮ್ಮನೆ ಮುದುಕನೂ ಹಿಂಗೇ. ನಾ ಬೈದದ್ದು ಮಾತ್ರ ಕೇಳೂದಿಲ್ಲ ಅವಂಗೆ. ತಂಗಿ, ಅದನ್ನ ಇಂಗ್ಲಿಷಲ್ಲಿ ಹೇಳ್ಬೇಡ ಮತ್ತೆ!"

ಹೇಳಿದೆ. ಅವರು ಯಂತ್ರವನ್ನು ಕಿವಿಯಿಂದ ತೆಗೆದು ಬೇಣದಜ್ಜಿಯ ಅಂಗೈಯಲ್ಲಿಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, ಬೆಲೆ ಕೇಳಿ, ಕಡಲೆಬೀಜದಷ್ಟಕ್ಕೆ ಇಷ್ಟು ಬೆಲೆಯಾ ಎಂದು ವಾಪಸು ಕೊಟ್ಟಳು.

ಅರಿಶಿನದ ಹಾಡನ್ನು ಇಬ್ಬರೂ ಹಾಡಿದರು. ಮೊಣಕಾಲ ಮೇಲೆ ಕೈಯಿಟ್ಟು ತಾಳ ಹುಡುಕುತ್ತಿದ್ದ ಸಂಗೀತಗಾರರು ನಡುವೆ ಎಲ್ಲೋ ನಿಲ್ಲಿಸಿದರು. ಮುಗಿದ ಮೇಲೆ ನನ್ನತ್ತ ತಿರುಗಿದರು. "ಇದನ್ನು ನಾನು ಬಳಸಲಾರೆ" ಅಂದರು. "ಇದರೊಳಗೆ ನನಗೇನೂ ಕೆಲಸವಿಲ್ಲ." ನಾನು ಅದನ್ನು ಹೊಗಳಿಕೆ ಎಂದುಕೊಂಡೆ, ಹಾಗೇ ಅನುವಾದಿಸಿದೆ.

ಮಾರನೆಯ ದಿನ ಮತ್ತೆ ಬಂದರು. ರಾಗವನ್ನು ತಾನು ಸರಿಯಾಗಿ ತಿಳಿದುಕೊಳ್ಳಬೇಕು, ಇಬ್ಬರೂ ಬೇರೆ ಬೇರೆಯಾಗಿ ಒಮ್ಮೆ ಹಾಡಬಹುದೇ ಎಂದು ಕೇಳಿದರು. ಅದು ಅವರ ಕಸುಬಿನ ಪದ್ಧತಿ. ಪ್ರತಿ ದನಿಯನ್ನೂ ಬಿಡಿಬಿಡಿಯಾಗಿ ಹಿಡಿದಿಟ್ಟುಕೊಳ್ಳಬೇಕು, ಆಮೇಲೆ ಕೂಡಿಸಬಹುದು. "ಆದರೆ ಅವರಿಗೆ ಇದು ಸರಿಯೇ ಎಂದು ಮೊದಲು ಕೇಳಿ" ಎಂದರು. ನಾನು ಕೇಳಲಿಲ್ಲ. ಅವರತ್ತ ತಿರುಗಿ "ಅದಕ್ಕೇನು, ಸರಿ" ಎಂದೆ. ಹೆಂಗಸರಿಬ್ಬರತ್ತ ತಿರುಗಿ "ಈಗ ಅಜ್ಜಿ ಒಬ್ಬಳೇ" ಎಂದೆ. ಚರ್ಚೆಯಲ್ಲಿ ಸಮಯ ಉಳಿಸುವುದನ್ನು ಕಲಿಸಿರುತ್ತಾರೆ.

"ಒಬ್ಳೇ ಹಾಡೂದಾದ್ರೆ ನಾ ಎಂತಕ್ಕೆ ಕೂತದ್ದು?" ಎಂದು ನಗುತ್ತ ಬೇಣದಜ್ಜಿ ಎದ್ದು, ಎಲೆಯಡಿಕೆಯ ಕವಳದ ಚೀಲ ಹಿಡಿದು ಬಾವಿಕಟ್ಟೆಗೆ ಹೋಗಿ ಕೂತಳು.

ಅಜ್ಜಿ ಮೊದಲ ಸಾಲು ಹಾಡಿದಳು. ಸಾಲಿನ ತುದಿಯಲ್ಲಿ ಉಸಿರೆಳೆದುಕೊಂಡಳು. ಹಾಡಿನ ನಡುವೆ ಅವಳ ಉಸಿರಿನ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಗೆ ನಿಲ್ಲಿಸುತ್ತಾಳೆ, ಅಥವಾ ಬೇಣದಜ್ಜಿಯ ಪಾಲನ್ನು ಬಿಟ್ಟು ತನ್ನ ಮುಂದಿನ ಸಾಲಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಬೇಣದಜ್ಜಿಯ ಸಾಲನ್ನು ತಾನೇ ಎತ್ತಿಕೊಂಡಳು. ಬೇಣದಜ್ಜಿ ಮಾಡುವ ಹಾಗೆಯೇ, ನಡುವಿನ ಶಬ್ದವನ್ನು ಒಂದಿಷ್ಟು ಬಾಗಿಸಿ. ಮತ್ತೆ ಉಸಿರು. ಮತ್ತೆ ತನ್ನ ಸಾಲು. ಹೀಗೆ ಹಾಡನ್ನು ಕೊನೆಯ ತನಕ ಒಬ್ಬಳೇ ಹಾಡಿ ಮುಗಿಸಿದಳು. ಮುಖ ಕೆಂಪಾಗಿತ್ತು. ಖುಷಿಯಿಂದಲೋ ದಣಿವಿನಿಂದಲೋ ಎಂದು ಆಗ ನನಗೆ ಸಂಶಯ ಬರಲಿಲ್ಲ. ಖುಷಿ ಎಂದೇ ಕಂಡಿತು.

ಬೇಣದಜ್ಜಿಯನ್ನು ಕರೆದೆವು. ಬಂದು ಕೂತಳು, ಬಾಯಿ ತೆರೆದಳು, ಮುಚ್ಚಿದಳು.

"ಶುರು ಮಾಡೂದು ನಂಗೆ ಬರೂದಿಲ್ಲ ತಂಗಿ. ನಿನ್ನಜ್ಜಿ ಕೊಟ್ರೆ ನಾ ಎತ್ಕಂತೆ."

"ಗೊತ್ತಿದ್ದ ಹಾಡೇ ಅಲ್ಲನೆ ಅಜ್ಜಿ? ಮನಸ್ಸಲ್ಲೇ ಅದರ ಸಾಲು ಹೇಳ್ಕಂಡು ನಿನ್ನ ಸಾಲು ಹಾಡು."

"ಮನಸ್ಸಲ್ಲಿ ಹೇಳೂಕೂ ಅದೇ ಬೇಕು" ಎಂದು ಅಜ್ಜಿಯ ಕಡೆ ಕೈ ಮಾಡಿದಳು.

ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಆಗಲಿ ಬಿಡಿ ಎಂದರು ಅವರು. ಗೆಳೆಯ ವಯರುಗಳನ್ನು ಸುತ್ತಿಕೊಂಡ. ಕೋಳಿಗಳನ್ನು ಬಿಟ್ಟೆವು.

ಸಿನಿಮಾ ಬಂದಾಗ ಮೊದಲು ನೋಡಿದ್ದು ಭಟ್ಕಳದಲ್ಲಿ, ಗೆಳೆಯನ ಮನೆಯ ಟೀವಿಯಲ್ಲಿ. ಉಪ್ಪುನೀರಿನ ದಡ, ಬೂದಿ ಬಣ್ಣದ ಆಕಾಶ, ಹೆಂಗಸು ಬಾಗಿಲು ಹಾಕಿಕೊಂಡು ಹೊರಗೆ ಬರುತ್ತಾಳೆ, ಅಜ್ಜಿಯ ದನಿ. ಆ ಹೆಂಗಸಿನ ಊರಿಗೂ ಈ ಹಾಡಿಗೂ ಯಾವ ಸಂಬಂಧವೂ ಇಲ್ಲ, ಆದರೂ ನನ್ನ ಮೈ ಜುಮ್ಮೆಂದಿತು. ಸಾಲು ಮುಗಿದು ಅಜ್ಜಿ ಉಸಿರೆಳೆದುಕೊಂಡಳು. ಆ ಉಸಿರಿನ ಸಂದಿಯಿಂದ ಪಿಟೀಲುಗಳು ಒಳಗೆ ಬಂದವು, ಎಷ್ಟು ಮೆತ್ತಗೆಂದರೆ ಬಂದದ್ದೇ ತಿಳಿಯಲಿಲ್ಲ. ಅಜ್ಜಿಯ ಮುಂದಿನ ಸಾಲು ಅವುಗಳ ಮೇಲೆ ತೇಲಿತು. ದೃಶ್ಯ ಬದಲಾಯಿತು, ಹಾಡು ನಿಂತಿತು.

ಗೆಳೆಯ ರಿಮೋಟು ಒತ್ತಿ ನಿಲ್ಲಿಸಿದ. "ಇನ್ನೊಬ್ಬರು ಎಲ್ಲಿ?"

ಕೊನೆಯ ತನಕ ಓಡಿಸಿ ಅಕ್ಷರಗಳನ್ನು ನೋಡಿದೆವು. ಇಬ್ಬರ ಹೆಸರೂ ಇತ್ತು, ಒಂದರ ಕೆಳಗೊಂದು.

"ಹೆಸರು ಉಂಟು, ದನಿ ಇಲ್ಲ" ಎಂದ ಅವನು. "ನೀನು ಬೇಣದಜ್ಜಿಗೆ ಮೊದಲೇ ಹೇಳು. ಬೇರೆಯವರಿಂದ ಗೊತ್ತಾಗೋದು ಬೇಡ."

"ಹೇಳ್ತೆ."

ಹೇಳಲಿಲ್ಲ. ದಿನಾ ಹೇಳಬೇಕೆಂದು ಹೊರಡುವುದು, ಬೇಣ ಹತ್ತುವಷ್ಟರಲ್ಲಿ ಮಾತು ಸರಿಹೋಗದೆ ಇನ್ನೇನೋ ಕೇಳಿ ವಾಪಸು ಬರುವುದು. ಎದುರಾಳಿಯ ವಾದ ಗೊತ್ತಿದ್ದರೆ ಮಾತ್ರ ನನಗೆ ಮಾತು ಬರುತ್ತದೆ. ಬೇಣದಜ್ಜಿ ಏನನ್ನುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಸಂಗೀತಗಾರರಿಗೆ ಮೆಸೇಜು ಮಾಡಿ ಕೇಳಿದಾಗ, ಸಿನಿಮಾದವರು ಒಂದೇ ದನಿ ಸಾಕು ಎಂದರು, ಕ್ಷಮಿಸಿ ಎಂದು ಉತ್ತರ ಬಂತು. ಅದನ್ನಾದರೂ ಹೇಳಬಹುದಿತ್ತು.

ಅಷ್ಟರಲ್ಲಿ ಹೊನ್ನಾವರದಲ್ಲಿ ಅಜ್ಜಿಗೆ ಸನ್ಮಾನ ಎಂದಾಯಿತು. ಬೇಣದಜ್ಜಿಯನ್ನು ಕರೆದುಕೊಂಡೇ ಹೋದೆವು. ಹೋಗುವಾಗ ಟೆಂಪೊದಲ್ಲಿ ಅಜ್ಜಿಯ ತಲೆಗೆ ಹೂ ಮುಡಿಸಿದವಳು ಅವಳೇ. "ಶಾಲು ಕೊಡ್ತಾರಂತೆ. ಅರ್ಧ ಹರಿದು ನಂಗೆ ಕೊಡು" ಎಂದು ತಮಾಷೆ ಮಾಡಿದಳು. ಅಜ್ಜಿ, "ನಿಂಗೆ ಪೂರ್ತಿ ಕೊಡ್ತೆ, ಸೆಕೆಗೆ ಹೊದ್ಕ" ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮೊದಲು ಪರದೆಯ ಮೇಲೆ ಆ ದೃಶ್ಯ ತೋರಿಸಿದರು. ಬೇಣದಜ್ಜಿ ನನ್ನ ಪಕ್ಕದಲ್ಲಿ, ಮೊದಲ ಸಾಲಿನ ಕುರ್ಚಿಯಲ್ಲಿ. ಅಜ್ಜಿಯ ದನಿ ಬಂದಾಗ ಅವಳು ಮುಂದೆ ಬಾಗಿದಳು. ಉಸಿರು, ಪಿಟೀಲು, ಮತ್ತೆ ಅಜ್ಜಿ. ದೀಪ ಹತ್ತಿತು, ಜನ ಚಪ್ಪಾಳೆ ತಟ್ಟಿದರು.

"ಮುಗೀತಾ?" ಎಂದಳು.

"ಮುಗೀತು."

"ನಾ ಇನ್ನೂ ಬರ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ವೇದಿಕೆಯ ಮೇಲೆ ಅಜ್ಜಿಗೆ ಶಾಲು ಹೊದೆಸಿ, ಅದೇ ಹಾಡನ್ನು ಹಾಡಬೇಕೆಂದು ಮೈಕು ಕೊಟ್ಟರು. ಅಜ್ಜಿ ಮೊದಲ ಸಾಲು ಹಾಡಿದಳು, ಹಾಡುತ್ತ ನಮ್ಮ ಕಡೆ ನೋಡಿದಳು. ಬೇಣದಜ್ಜಿಗೆ ಮೈಕು ಬೇಕಾಗಿರಲಿಲ್ಲ. ಗದ್ದೆಯ ಆ ತುದಿಯಿಂದ ಈ ತುದಿಗೆ ಎತ್ತಿಕೊಳ್ಳುವ ದನಿ ಅದು. ಸಾಲಿನ ತುದಿ ಬಂತು. ಬೇಣದಜ್ಜಿ ಬಾಯಿ ತೆರೆಯಲಿಲ್ಲ. ಸಭಾಭವನದಲ್ಲಿ ಫ್ಯಾನಿನ ಸದ್ದು ಮಾತ್ರ. ಅಜ್ಜಿ ಉಸಿರೆಳೆದುಕೊಂಡು ಆ ಸಾಲನ್ನೂ ತಾನೇ ಎತ್ತಿಕೊಂಡಳು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ಜಗಳವಾಗಲಿಲ್ಲ. ಆಗಿದ್ದರೆ ನನಗೆ ಕೆಲಸವಿರುತ್ತಿತ್ತು. ಬೇಣದಜ್ಜಿ ಕಂಡಲ್ಲಿ ಮಾತಾಡಿಸುತ್ತಾಳೆ, ಹರಿವೆ ಸೊಪ್ಪು ಕೊಟ್ಟು ಕಳಿಸುತ್ತಾಳೆ. ಮದುವೆಮನೆಯಿಂದ ಹಾಡಿಗೆ ಕರೆ ಬಂದರೆ ಮಾತ್ರ ಗಂಟಲು ಸರಿಯಿಲ್ಲ ಎನ್ನುತ್ತಾಳೆ. ಅಜ್ಜಿಯೂ ಹೋಗುವುದಿಲ್ಲ. ಒಬ್ಬಳೇ ಹಾಡುವಂತಿದ್ದರೂ ಹೋಗುವುದಿಲ್ಲ. ಕೇಳಿದವರಿಗೆ ಆ ವಿದೇಶಿಯಿಂದಾಗಿ ಇಬ್ಬರೂ ಹಾಡು ಬಿಟ್ಟರು ಎಂದು ಊರು ಹೇಳುತ್ತದೆ. ನಮ್ಮ ಮನೆಯವರೂ ಹಾಗೇ ಹೇಳುತ್ತಾರೆ. ನಾನು ತಿದ್ದುವುದಿಲ್ಲ.

ಮುಂದಿನ ವಾರ ನನ್ನ ಅಣ್ಣನ ಮದುವೆ. ಅರಿಶಿನಕ್ಕೆ ಹಾಡುವವರಿಲ್ಲ. ಮೊಬೈಲಿನಲ್ಲಿ ಅಜ್ಜಿಯ ಹಾಡೇ ಇದೆಯಲ್ಲ, ಅದನ್ನೇ ಸ್ಪೀಕರಿಗೆ ಹಾಕಿದರಾಯಿತು ಎಂದು ಅಪ್ಪ ಅಂದ ದಿನ ನಾನು ಸಂಗೀತಗಾರರಿಗೆ ವಿಡಿಯೊ ಫೋನು ಮಾಡಿದೆ. ಈಗ ಅವರಿಗೆ ಕಿವಿ ಇನ್ನೂ ಕಡಿಮೆ. ನನ್ನ ಮಾತು ಅವರ ಪರದೆಯಲ್ಲಿ ಅಕ್ಷರವಾಗಿ ಮೂಡುತ್ತದೆ, ಓದಿ ಉತ್ತರ ಕೊಡುತ್ತಾರೆ. ಇಬ್ಬರೂ ಸೇರಿ ಹಾಡಿದ ಮುದ್ರಣ ಕಳಿಸಿಕೊಡಿ, ಬೇಣದಜ್ಜಿಗೆ ಕೇಳಿಸಬೇಕು ಎಂದೆ. ಅಂದು ಇಬ್ಬರನ್ನೂ ಕೇಳದೆ ಸರಿ ಎಂದದ್ದೂ ಸೇರಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಪರದೆಯನ್ನೇ ನೋಡುತ್ತ ಇದ್ದರು.

"ಸಿನಿಮಾದವರು ಕೇಳಿದ್ದಲ್ಲ ಅದು" ಎಂದರು. "ಅವರಿಗೆ ಇಬ್ಬರ ಹಾಡನ್ನು ನಾನು ಕೇಳಿಸಲೇ ಇಲ್ಲ. ಎಷ್ಟು ಸಲ ಪ್ರಯತ್ನಪಟ್ಟರೂ ಅದರಲ್ಲಿ ಸಂದಿಯಿಲ್ಲ. ನನ್ನ ವಾದ್ಯಗಳು ಎಲ್ಲಿಂದ ಒಳಗೆ ಬರಬೇಕು? ಒಬ್ಬರು ಹಾಡಿದ್ದರಲ್ಲಿ ಉಸಿರಿತ್ತು. ನಾನು ಅಲ್ಲಿಂದ ಬಂದೆ."

"ಅಂದರೆ ಆರಿಸಿದವರು ನೀವು."

"ನಾನೇ. ಸುಳ್ಳು ಹೇಳಿದವನೂ ನಾನೇ." ಆಮೇಲೆ, "ನಾನು ಅವರಲ್ಲಿ ಕ್ಷಮೆ ಕೇಳಬೇಕು. ಈ ಸಲ ನಾನು ಹೇಳಿದ್ದನ್ನೆಲ್ಲ ಪೂರ್ತಿ ಅನುವಾದ ಮಾಡುತ್ತೀರಾ?" ಎಂದರು.

ಅವರು ವ್ಯಂಗ್ಯವಾಗಿ ಹೇಳಲಿಲ್ಲ ಎಂದೇ ಅಂದುಕೊಂಡಿದ್ದೇನೆ. ಆದರೆ ಫೋನಿಟ್ಟಾಗ ನನಗೆ ಆದದ್ದು ಹಗುರ. ತಪ್ಪೊಪ್ಪಿಕೊಂಡ ಆರೋಪಿಯೊಬ್ಬ ಸಿಕ್ಕಿದ್ದ. ಮುದ್ರಣ ಬರಲೆಂದು ಕಾಯದೆ, ಅವನ ಆ ಮಾತನ್ನು ಹಿಡಿದುಕೊಂಡು ಅದೇ ಸಂಜೆ ಬೇಣ ಹತ್ತಿದೆ.

ಬೇಣದಜ್ಜಿ ಅಂಗಳದಲ್ಲಿ ಕೂತು ಮಾರನೆಯ ಪೇಟೆಗೆ ಹರಿವೆ ಕಟ್ಟುತ್ತಿದ್ದಳು. ನಾನು ಎಲ್ಲ ಹೇಳಿದೆ. ಈ ಸಲ ಏನೂ ಬಿಡಲಿಲ್ಲ. ಅಂದು ಇಬ್ಬರನ್ನೂ ಕೇಳದೆ ಸರಿ ಎಂದವಳು ನಾನು ಎಂಬುದನ್ನೂ, ಸಿನಿಮಾ ಮೊದಲೇ ನೋಡಿ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಅವಳು ಕಟ್ಟು ಬಿಗಿಯುತ್ತಲೇ ಇದ್ದಳು.

"ಅಂವ ಎಂತಾದ್ರೂ ಮಾಡ್ಲಿ ತಂಗಿ. ಅಂವ ನನ್ನ ಸಂಗ್ತಿ ಗದ್ದೆಲಿ ನಿಂತಂವ ಅಲ್ಲ. ಅಂವನ ಮೇಲೆ ನಂಗೆಂತಕ್ಕೆ ಸಿಟ್ಟು? ನಿನ್ನ ಮೇಲೂ ಇಲ್ಲ. ನೀನು ಯಾವಾಗ್ಲೂ ಗಡಿಬಿಡಿ."

"ಮತ್ತೆ ಎಂತಕ್ಕೆ ಹಾಡೂದಿಲ್ಲ?"

"ನಾ ಬಾವಿಕಟ್ಟೆಲಿ ಕೂತು ಕೇಳ್ದೆ ಅಲ್ದಾ ಅಂದು? ನನ್ನ ಸಾಲು. ನಂಗಿಂತ ಚಂದ ಹಾಡ್ತು ನಿನ್ನಜ್ಜಿ." ಕಟ್ಟನ್ನು ನೀರು ಚಿಮುಕಿಸಿ ಬದಿಗಿಟ್ಟಳು. "ನಂಗೆ ಅದ್ರ ಸಾಲು ಬರೂದಿಲ್ಲ. ಅದ್ಕೂ ನಂದು ಬರೂದಿಲ್ಲ ಅಂತ ತಿಳ್ಕಂಡಿದ್ದೆ ನಾ. ಇಷ್ಟು ಕಾಲ."

ಅಣ್ಣನ ಮದುವೆಗೆ ಬಾ, ಇಬ್ಬರೂ ಹಾಡಿ ಎಂದು ಕೇಳಿಕೊಂಡೆ. ಅವಳು ಇನ್ನೊಂದು ಹಿಡಿ ಸೊಪ್ಪು ಕೈಗೆತ್ತಿಕೊಂಡಳು.

"ಬರ್ತೆ. ಬರೂದಿಲ್ಲ ಹೇಳೂದಿಲ್ಲ. ಆದ್ರೆ ನಿನ್ನಜ್ಜಿ ಒಂದು ಹೇಳ್ಬೇಕು. ನಾ ಕೇಳೂದಿಲ್ಲ, ನಂಗೆ ನಾಚ್ಕೆ. ನೀ ಕೇಳ್ಕಂಡು ಬಾ."

ಏನು ಕೇಳಬೇಕೆಂದು ಹೇಳಿದಳು. ನಾನು ಅದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬೇಣ ಇಳಿದೆ.

ಅಜ್ಜಿ ಜಗಲಿಯಲ್ಲಿ ಮದುವೆಯ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ಒಂದೇ ಸಮನೆ ಬರುತ್ತಿತ್ತು. ನಾನು ಎದುರಿಗೆ ಕೂತೆ. ಇದು ನನ್ನ ಪ್ರಶ್ನೆಯಲ್ಲ, ಬೇಣದಜ್ಜಿ ಕೇಳಿದ್ದು, ಇದ್ದ ಹಾಗೇ ಹೇಳುತ್ತೇನೆ ಎಂದೆ. ಮೊರ ನಿಂತಿತು.

"ನನ್ನ ಸಾಲೆಲ್ಲ ನಿಂಗೆ ಬತ್ತಿತ್ತು ಹೇಳಿ ಆತು. ಹಂಗಾದ್ರೆ ಇಷ್ಟು ವರ್ಷ ನಂಗೆ ಬಿಟ್ಟು ಕೊಡ್ತಿದ್ದದ್ದು ಎಂತಕ್ಕೆ? ನಾ ಬೇಕಾಗಿದ್ನಾ ನಿಂಗೆ, ಪಾಪ ಅಂತ ಇಟ್ಕಂಡಿದ್ಯಾ?"